ಕೈಬದಲು

ಪೇಪರಿನ ಹತ್ತನೇ ಪುಟದ ಮೂಲೆಯಲ್ಲಿ ಸುದ್ದಿ:
ಯಾವುದೋ ದ್ವೀಪದೇಶ, ಮೇಲೇರುತ್ತಿರುವ ದೊಡ್ಡ ದೇಶದ ಜೊತೆ
ನೋಟಿಗೆ ನೋಟು ಬದಲಿಸುವ ಕರಾರಿಗೆ ಸಹಿ ಹಾಕಿತಂತೆ.
‘ಯಾಕಣ್ಣ?’ ಅಂದ ಟೀ ತಂದ ಮುಬೀನ್,
ಚಿತ್ರದಲ್ಲಿ ಕೈಕುಲುಕುವ ಇಬ್ಬರನ್ನು ನೋಡುತ್ತ.

ಯಾಕೆಂದು ಸುಲ್ತಾನ್‌ಪೇಟೆಗೆ ಗೊತ್ತು.

ಲಗ್ನಪತ್ರಿಕೆಯ ಕಾಗದ ಮಾರುವ ನಾವೆಲ್ಲ
ಒಬ್ಬರಿಗೊಬ್ಬರು ಬಾಕಿ ತೀರಿಸುತ್ತಿದ್ದದ್ದು
ಅವೆನ್ಯೂ ರಸ್ತೆಯ ರಂಗಯ್ಯಶೆಟ್ಟರ ಚೀಟಿಯಲ್ಲಿ.
ಎದುರಂಗಡಿಗೆ ಕೊಡಬೇಕಾದ ಇನ್ನೂರೂ
ಶೆಟ್ಟರ ಗಲ್ಲಾ ಮುಟ್ಟಿಯೇ ಬರಬೇಕು;
ಗುಜರಾತಿ ಬಾರದ ನಾನು, ಕನ್ನಡ ಬಾರದ ಇನ್ನೊಬ್ಬ
ಹರಕು ಹಿಂದಿಯಲ್ಲಿ ಚೌಕಾಸಿ ಮಾಡಿದ ಹಾಗೆ.
ಚೀಟಿ ಒಳ್ಳೆಯದೇ. ಎಲ್ಲಿ ಕೊಟ್ಟರೂ ಮರುಮಾತಿಲ್ಲ.
ಆದರೆ ಶೆಟ್ಟರ ಮನೆಗೆ ಸೂತಕ ಬಂದರೆ
ಪೇಟೆಗೆಲ್ಲ ಮೈಲಿಗೆ.

ಒಂದು ಗುರುವಾರ, ಮಾಘದ ಮುಹೂರ್ತಗಳ ನಡುವೆ,
ಶೆಟ್ಟರು ಫೋನು ಎತ್ತಲಿಲ್ಲ.
ಕಪಾಟಿನ ತುಂಬ ಚಿನ್ನದಂಚಿನ ಕಾಗದ, ಬಾಗಿಲಲ್ಲಿ ಗಿರಾಕಿ,
ಲಾರಿಯವನಿಗೆ ಕೊಡಲು ಮಾತ್ರ ಏನೂ ಇಲ್ಲ.
ಬಡತನವಲ್ಲ ಅದು,
ಬಾವಿಯಿದ್ದೂ ಹಗ್ಗವಿಲ್ಲದ್ದು.

ಆಗ ಬಂದ ತಿರುವಿನ ಅಂಗಡಿಯ ಪಾರಸ್‌ಮಲ್.
ಹತ್ತು ವರ್ಷದ ಕೆಳಗೆ ಸೈಕಲ್ಲಿನಲ್ಲಿ ಲಕೋಟೆ ಮಾರುತ್ತಿದ್ದವ,
ಈಗ ಮೂರು ಮಳಿಗೆ, ನಾಲ್ಕನೆಯದಕ್ಕೆ ಮಾತುಕತೆ.
‘ನಿಮ್ಮ ಸಹಿಯದೊಂದು ಕಾಗದ ನನ್ನ ಹತ್ರ ಇರಲಿ,
ನನ್ನದೊಂದು ನಿಮ್ಮ ಹತ್ರ. ಬೇಕಾದಾಗ ಬದಲು,
ಆರು ತಿಂಗಳಿಗೆ ವಾಪಸು, ಇವತ್ತಿನ ದರಕ್ಕೇ.’
ನಮ್ಮಲ್ಲಿ ಇದಕ್ಕೆ ಕೈಬದಲು ಅನ್ನುತ್ತಾರೆ.
ಯಾವ ಕೈ ಮೇಲೆ ಅಂತ ಆ ಮಾತು ಹೇಳುವುದಿಲ್ಲ.

ಸಹಿ ಮಾಡಿದ್ದು ಬರೀ ಲಾರಿಗೆಂದಲ್ಲ, ಮುಬೀನ್.
ಪಾರಸ್‌ಮಲ್ಲನ ಕಾಗದ ನನ್ನ ಡ್ರಾಯರಿನಲ್ಲಿದೆ ಎಂಬುದು
ಸಂಜೆಯೊಳಗೆ ಕಾಟನ್‌ಪೇಟೆ ತನಕ ತಿಳಿಯಲಿ ಎಂದು.
ತಿಳಿಯಿತು. ಲಾರಿಯವನು ‘ನಾಳೆ ಕೊಡಿ’ ಅಂದ.
ವಸೂಲಿಗೆ ಬಂದಿದ್ದ ಇಬ್ಬರು
ಟೀ ಕುಡಿದು ಹೋದರು.

ಆ ಕಾಗದ ಇವತ್ತಿಗೂ ಬಳಸಿಲ್ಲ.

ಅವನಿಗೇನು ಲಾಭ ಅನ್ನುತ್ತೀಯ?
ನನ್ನ ಸಹಿಯಿಂದ ಅವನು ಒಂದು ಬೀಡಿ ಕೂಡ ಕೊಳ್ಳಲಾರ.
ಆದರೆ ಈ ಓಣಿಯ ಹದಿನಾರು ಡ್ರಾಯರುಗಳಲ್ಲಿ
ಅವನ ಹೆಸರು ಮಲಗಿದೆ.
ನಾಳೆ ಯಾರಾದರೂ ‘ಎಷ್ಟು?’ ಅಂದರೆ
ಅವನ ಕಾಗದದಲ್ಲೇ ಎಣಿಸಿ ಹೇಳುತ್ತೇವೆ, ಗೊತ್ತಿಲ್ಲದೆ.

ಹೋದ ತಿಂಗಳು ಅವನ ಹೊಸ ಮಳಿಗೆಯ ಗೋಡೆ
ನನ್ನ ಗೋಡೆಗೆ ಅಂಟಿಕೊಂಡು ಎದ್ದಿತು.
ಅಳೆದೆ. ಹನ್ನೊಂದು ಇಂಚು ಒತ್ತುವರಿ.
ಟೇಪು ಸುತ್ತಿ ಜೇಬಿಗಿಟ್ಟೆ.
ಡ್ರಾಯರು ಎಳೆದು ನೋಡಿದೆ, ಕಾಗದ ಅಲ್ಲೇ ಇತ್ತು.

ಲೋಟ ತಗೊಂಡು ಹೋಗು ಮುಬೀನ್.
ದುಡ್ಡಾ? ಚಿಲ್ಲರೆ ಇಲ್ಲ ಕಣೋ,
ಬರೆದುಕೋ.