ಚಕ್ಕುಬಂದಿ

ಯಾದಗಿರಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು
ನನ್ನ ಮೇಜು. ಬಾಜೂಕ ಇನಾಯತನ ಫ್ರೇಮಿನ ಅಂಗಡಿ.
ಊಟದ ಹೊತ್ತಿಗೆ ಕೂಗಿದ: ಮುನ್ಷಿಜೀ, ಜರಾ ಬರ್ರಿ,
ಇದರ ತಲಿ ಯಾವ ಕಡೆ, ಕಾಲು ಯಾವ ಕಡೆ?

ಹಾಳೀ ತುಂಬ ಕರಿ ಮಸಿ.
ಯಾರೋ ಬಕೀಟಿನಿಂದ ಎರಚಿ
ಕಸಬರಿಗಿಲೆ ಎಳದು, ಉಸಿರು ಬಿಗಿಹಿಡದು
ನಡುವ ಕೈ ಬಿಟ್ಟಂಗ.
ಗಿಡ ಅಲ್ಲ, ಮಾರಿ ಅಲ್ಲ, ದೇವರೂ ಅಲ್ಲ.
ಕೆಳಗ ಸಹಿ ಇಲ್ಲ. ಹಿಂದ ಪೆನ್ಸಿಲಿನಾಗ
ಬರೇ ಇಷ್ಟು: ನೀಲಗಂಗಾ, ಶಹಾಪುರ.

ನಲವತ್ತೊಂದು ವರ್ಷ ಮಸಿ ಜೋಡಿ ಬಾಳೇವು ಮಾಡೀನಿ,
ಅದರ ಗುಣ ನನಗ ಗೊತ್ತದ.
ಒಮ್ಮೆ ಸುರಪುರದವರ ಖರೀದಿ ಪತ್ರದ ಮ್ಯಾಲ
ಜೋಳದ ಕಾಳಿನಷ್ಟು ಹನಿ ಬಿತ್ತು.
ನಮ್ಮ ಉಸ್ತಾದ ಬೈಯಲಿಲ್ಲ,
ಹೊಸಾ ಛಾಪಾ ಕಾಗದ ಮುಂದಿಟ್ಟ,
ಪಗಾರದಾಗ ಮುರಕೊಂಡ.
ಇಲ್ಲಿ ನೋಡಿದರ ಅಂಥಾ ಹನಿ ನೂರು,
ಒಂದಕ್ಕೂ ಅಂಜಿಕಿಲ್ಲ.
ಒಂದಂತೂ ಬಿದ್ದ ಜಾಗದಾಗೇ
ಸಣ್ಣ ಸಣ್ಣ ಕಾಲು ಮೂಡಿಸಿಕೊಂಡು
ಹಾಳೀ ನಾರಿನಗುಂಟ ಎಲ್ಲಿಗೋ ಹೊಂಟದ.

ಮತ್ತ ಆ ಬಿಳಿ!
ಪತ್ರದಾಗ ಖಾಲಿ ಬಿಟ್ಟರ ಯಾರರೆ ಏನರೆ ತುರುಕ್ಯಾರಂತ
ಗೀಟು ಹೊಡದು ಹೊಡದು ಮುಚ್ಚಿದ ಕೈ ಇದು.
ಈಕಿ ಅರ್ಧ ಹಾಳಿ ಹಂಗೇ ತೆರದು ಬಿಟ್ಟಾಳ,
ಬಾಗಲಕ್ಕ ಅಗಳಿ ಹಾಕದೆ ಮಲಗಿದಂಗ.
ಮೊದಲು ಸಿಟ್ಟು ಬಂತು.
ಆಮ್ಯಾಲ, ಖರೆ ಹೇಳ್ತೀನಿ, ಬೆವರು.

ಮನಸಿನಾಗೇ ಚಕ್ಕುಬಂದಿ ಬರೀಲಿಕ್ಕೆ ಹತ್ತಿದೆ, ಚಟ:
ಪೂರ್ವಕ್ಕೆ, ಸದರೀ ಕಪ್ಪು.
ಪಶ್ಚಿಮಕ್ಕೆ, ಅದೇ ಕಪ್ಪು, ತುಸು ತೆಳು, ನೀರು ಕುಡದದ್ದು.
ಉತ್ತರಕ್ಕೆ, ಯಾರ ಹೆಸರಿಗೂ ಇಲ್ಲದ ಬಿಳಿ.
ದಕ್ಷಿಣಕ್ಕೆ, ಇನಾಯತನ ಹೆಬ್ಬೆರಳು.
ಬೆರಳು ತೆಗಿಯಪ್ಪಾ ಅಂದೆ. ತೆಗೆದ.
ಅಲ್ಲಿಗೆ ಗಡಿ ಮುಗೀಲೇ ಇಲ್ಲ.

ಅವ ಫೋನ್ ಹಚ್ಚಿ ಕೇಳಿದ. ಆ ಹುಡುಗಿ ನಕ್ಕಳಂತ:
ಹೆಂಗರೆ ತೂಗಹಾಕ್ರಿ ಚಾಚಾ,
ದಿನಾ ತಿರುವಿದರೂ ನಡೀತದ.
ನಾಕೂ ಕಡೆ ಕೊಂಡಿ ಬಡದ ಇನಾಯತ,
ಎರಡರ ರೊಕ್ಕ ಅಷ್ಟೇ ಹಿಡದ.

ಮೇಜಿಗೆ ಬಂದರ ದಾನಪತ್ರದ ಮುದುಕಿ ಕುಂತಿದ್ದಳು.
ಕೊನೀ ಸಾಲಿನ ಕೆಳಗ ನಾಕು ಬೆರಳು ಖಾಲಿ.
ಪೆನ್ನು ಎತ್ತಿ ಹಿಡದು ಸುಮ್ಮ ನೋಡಿದೆ.
ಏನಾತ್ರೀ? ಅಂದಳು.
ಏನಿಲ್ಲ ಅಂದು ಗೀಟು ಎಳದೆ,
ತುಸು ಸೊಟ್ಟ.