ಒಂದು ಟನ್ ತಂಪು

ಬೋಟಿಗೆ ಏಸಿ ಕೂಡಿಸಬೇಕು ಅಂತ ಹುಲಿಗೆಪ್ಪನ ಫೋನು.
ನೀರಿನ ಮ್ಯಾಲ ಕುಂತಾವಗೂ ಸೆಕೆಯೇನೋ, ನಕ್ಕೆ.
ನನಗಲ್ಲಪಾ ಮಕ್ತುಮಣ್ಣ, ಮದುಮಗಳಿಗೆ, ಅಂದ.

ಮದುವಿಗೂ ಮೊದಲ ಫೋಟೋ ಹೊಡಸಾಕ ಬರತಾರಂತ
ಆಲಮಟ್ಟಿ ಹಿನ್ನೀರಿಗೆ, ಜೋಡಿ ಜೋಡಿ, ಬಾಡಿಗಿ ಗೌನಿನಾಗ.
ಏಪ್ರಿಲ್ಲಿನ ಬಿಸಿಲು. ಮಾರಿಗೆ ಬಳದದ್ದು ಕೊರಳಿಗಿಳದು
ಹ್ವಾದ ವಾರ ಒಬ್ಬಾಕಿ ಅತ್ತಳಂತ,
ಅತ್ತದ್ದಕ್ಕ ಉಳದದ್ದೂ ಹೋತಂತ,
ರೊಕ್ಕಾ ಅರ್ಧಾ ಮುರಕೊಂಡರಂತ.

ನಿಡಗುಂದಿಯಿಂದ ಟಂಟಂನ್ಯಾಗ ಒಯ್ದೆ,
ಬ್ಯಾಂಕಿನವರು ತಗದು ಒಗದ ಕಿಡಕಿ ಏಸಿ, ಒಂದು ಟನ್ನು.
ಬೋಟು ನನ್ನಕಿಂತ ಎರಡು ವರ್ಷ ಸಣ್ಣದು.
ಕ್ಯಾಬಿನ್ನಿಗೆ ಎಡಕ್ಕ ಕಿಡಕಿ, ಬಲಕ್ಕ ಕಿಡಕಿ, ಮುಂದ ಬಾಗಲಾ.
ಅವನ್ನ ಮುಟ್ಟಬ್ಯಾಡ, ಫೋಟೋದಾಗ ನೀರು ಕಾಣಬೇಕು, ಅಂದ.
ಉಳದದ್ದು ಹಿಂದಿನ ಗ್ವಾಡಿ.

ಅದರ ಮ್ಯಾಲ ಹೆಸರು: ಗಂಗಾಮಾತಾ.
ಟೇಪು ಹಿಡದು ಗೆರಿ ಹೊಡದರ
‘ತಾ’ದ ಮ್ಯಾಲ ಬಂತು.
ಗರಗಸಾ ಹಿಡದು ಸುಮ್ಮನ ನಿಂತೆ.
ಶೇಖವ್ವ ದಂಡಿಮ್ಯಾಲ ಬಲಿ ಹೊಲಿಯಾಕ ಹತ್ತಿದ್ದಳು,
ಮಾರಿ ಎತ್ತದ ಅಂದಳು:
ಕೊಯ್ಯಿ. ನಾ ಬಂದಾಗಿಂದ ತಾ ತಾ ಅಂದದ್ದು ಸಾಕು ಅದು,
ಡೀಜಲ್ ತಾ, ಡಾಂಬರ ತಾ, ಮೊಳಿ ತಾ.

ಹಲಗಿ ಹಿಂದ ಇನ್ನೊಂದು ಹಲಗಿ. ಅದಕ್ಕ ಸುಣ್ಣದ ಬರಹ:
ಆಳಿಗೆ ಎರಡು ರೂಪಾಯಿ, ಸೈಕಲ್ಲಿಗೆ ಮೂರು,
ಆಡಿಗೆ ಒಂದೂವರಿ, ಮರಿ ಬಗಲಾಗಿದ್ದರ ಇಲ್ಲ.
ಬಾಣಂತಿಗೆ ಇಲ್ಲ. ಹೆಣಕ್ಕ ಇಲ್ಲ.
ಹುಲಿಗೆಪ್ಪ ಬೆರಳಿಟ್ಟು ಓದಿದ.
ಮದುಮಗಳಿಗೆ ಎಷ್ಟು ಅಂತ ಅಪ್ಪ ಬರದಿಲ್ಲ ನೋಡು, ಅಂದ.

ತಂಪು ಅನ್ನೂದು ಎಲ್ಲೂ ಹುಟ್ಟೂದಿಲ್ಲ.
ಇಪ್ಪತ್ತು ವರ್ಷ ಈ ಕೆಲಸಾ ಮಾಡಿ ನನಗ ಗೊತ್ತು:
ಒಳಗಿನ ಸೆಕೆ ಎತ್ತಿ ಹೊರಗ ಒಗಿಯೂದು, ಅಷ್ಟ.
ಹೊರಗ ಯಾರು ನಿಂತಾರ ಅಂತ ಮಷಿನ್ನು ಕೇಳೂದಿಲ್ಲ.
ಹಿಂದಿನ ಗ್ವಾಡಿಗೆ ಹತ್ತಿ ಚುಕ್ಕಾಣಿ,
ಚುಕ್ಕಾಣಿಗೆ ಹತ್ತಿ ಹುಲಿಗೆಪ್ಪ.

ಜನರೇಟರು ಎರಡು ಸಲ ಕೆಮ್ಮಿ ಕುಂತಿತು.
ಕೆಪಾಸಿಟರು ಬದಲಿ ಮಾಡಿದೆ, ಹಿಡೀತು.
ಒಳಗ ಹದಿನೆಂಟು. ಶೇಖವ್ವ ಕೌದಿ ಕೇಳಿದಳು.
ಕಾಜು ಮುಚ್ಚಿದ ಮ್ಯಾಲ ನೀರಿಗೆ ಸಪ್ಪಳಿಲ್ಲ, ವಾಸನಿಲ್ಲ,
ಹೊಳಿ ಟೀವಿಯೊಳಗ ಹರದಂಗ.
ಹೊರಗ ಅಂವ, ಎದಿಗೆ ಒಲಿ ಹಚ್ಚಿಟ್ಟಂಗ,
ಚುಕ್ಕಾಣಿ ಬಿಟ್ಟಿರಲಿಲ್ಲ.
ಮುಳಗಿದ ಹಳ್ಯಾಗಿನ ಭಾಂವಿ ಕಟ್ಟಿ
ಈ ತಿಂಗಳ ಮೊಳದ ಆಳಕ್ಕ ಇರತೈತಿ,
ಕಣ್ಣು ಅದರ ಮ್ಯಾಲ.
ಹೆಂಗೈತಿ? ಅಂತ ಕೂಗಿದೆ.
ಒಳಗ ಹೆಂಗೈತಿ ಹೇಳು, ಅಂದ.

ಎಣ್ಣಿ ಡಬ್ಬಿ ಎರಡು ಒಡದು, ಬಗ್ಗಿಸಿ,
ಸೆಕೆಯ ಮಾರಿ ಮುಗಲಕಡೆ ತಿರವಿದೆ.
ಪೂರಾ ತಿರಗಲಿಲ್ಲ. ಮೊಣಕೈಗೆ ಇನ್ನಾ ಬಡೀತಿತ್ತು.
ನೀರಿನ ಪೈಪು ಹೊರಗ ಬಿಟ್ಟೆ.
ಯಾರದೋ ಉಸಿರು ಹನಿ ಆಗಿ ಕೃಷ್ಣೆಗೆ ಬೀಳತೈತಿ ಇನ್ನ.

ಬಿಲ್ಲು: ಏಸಿ, ವಾಯರು, ಕೆಪಾಸಿಟರು, ಮಜೂರಿ.
ಡಬ್ಬಿ ಬರೀಲಿಲ್ಲ.
ಗ್ಯಾರಂಟಿ ಎಷ್ಟು? ಅಂದ.
ದಂಡಿಮ್ಯಾಲ ಆದರ ಆರು ತಿಂಗಳು, ಅಂದೆ.
ಅರ್ಧಾ ರೊಕ್ಕಾ ಎಣಿಸಿ ಕೊಟ್ಟ. ಮ್ಯಾಲ ಎರಡು ಮೀನು.
ಆಮ್ಯಾಲ ಕೊಯ್ದ ಹಲಗಿ ತುಂಡು ಎತ್ತಿ,
ಪುಡಿ ಊದಿ, ನನ್ನ ಕೈಗಿಟ್ಟ:
ಬಾಕಿ ಕೇಳಾಕ ಬಂದಾಗ ಇದನ್ನ ತೋರಸು ಸಾಕು,
ಬಾಯಿ ಬಿಡೂದು ಬ್ಯಾಡ.