ನಾಲ್ಕು ಪಾಯಿಂಟ್ ಸೊನ್ನೆ ಐದು

ಬೆಂಗರೆಯ ಫೆರಿ ಇಳಿದು ಎಡಕ್ಕೆ ಬಂದರೆ
ಐಸ್ ಪೆಟ್ಟಿಗೆಗಳ ಹಿಂದೆ ನನ್ನ ಗೂಡಂಗಡಿ.
ಹೆಸರಿನ ಹಲಗೆ ಇಲ್ಲ. ಬಾಗಿಲಲ್ಲಿ ತೂಗುವ
ಉಪ್ಪಿನಕಾಯಿ ಡಬ್ಬವೇ ಗುರುತು:
ಮುಚ್ಚಳಕ್ಕೆ ಅಂಗೈಯಗಲದ ಸೋಲಾರ್ ಹಾಳೆ,
ಹೊಟ್ಟೆಯೊಳಗೆ ಸತ್ತ ಲ್ಯಾಪ್‌ಟಾಪಿನಿಂದ ಬಿಡಿಸಿದ
ಹೆಬ್ಬೆರಳು ಗಾತ್ರದ ಒಂದು ಸೆಲ್ಲು.
ರಾತ್ರಿ ಬಲೆಯ ತುದಿಗೆ ಕಟ್ಟಿದರೆ
ಮೂರು ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುತ್ತದೆ:
ಇಲ್ಲಿ ಬಲೆ ಉಂಟು,
ಇಲ್ಲಿ ಬಲೆ ಉಂಟು.

ಕಲಿಸಿದವರು ಬಸ್ತ್ಯಾಂವ್ ಮಾಮ್,
ಬಂದರಿನ ಓಣಿಯಲ್ಲಿ ರೇಡಿಯೊ ರಿಪೇರಿಯವರು.
"ನೋಡು ಚಂಚಲಾ, ಪೂರ್ತಿ ಎಂದರೆ ನಾಲ್ಕು ಪಾಯಿಂಟ್ ಎರಡು.
ಅದು ಮಾರುವವನ ಲೆಕ್ಕ.
ಈ ಸಣ್ಣ ತಿರುಪು ಉಂಟಲ್ಲ,
ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸು.
ನಾಲ್ಕು ಪಾಯಿಂಟ್ ಸೊನ್ನೆ ಐದು. ಅಲ್ಲಿಗೆ ಕೈ ಬಿಡು.
ಉಪವಾಸ ಕೆಡವಬೇಡ, ಔತಣವನ್ನೂ ಮಾಡಬೇಡ.
ಹಾಳೆ ಬಿಸಿಲಿಗಿರಲಿ, ಸೆಲ್ಲು ನೀರಿನ ಬದಿಗೆ."

ನನಗೆ ಕಷ್ಟವಾದದ್ದು ತಿರುಪಲ್ಲ.
ನೆಂಟರು ಸಾಕು ಸಾಕು ಎಂದು
ಎಲೆಗೆ ಅಡ್ಡ ಹಿಡಿದ ಕೈಯ
ಬೆರಳ ಸಂದಿಯಲ್ಲೂ ಸಾರು ಬಿಡುವವರು ನಾವು.
ತುಂಬದ್ದನ್ನು ಕೊಡುವುದೆಂದರೆ
ಮುಖ ತಿರುಗಿಸಿದ ಹಾಗೆ.

ಲೋಕಯ್ಯ ತಿಂಗಳಾಯರು ಮೂರನೇ ದಿನವೇ ವಾಪಸು ತಂದರು.
ಅಳಿಯನ ಮೀಟರಿನಲ್ಲಿ ಅಳೆದಿದ್ದಾರೆ.
"ಎಂತದು ಮಾರಾಯ್ತಿ, ಕಡಿಮೆ ತುಂಬುತ್ತದೆ!
ದುಡ್ಡು ಮಾತ್ರ ಪೂರ್ತಿ ತೆಗೊಂಡಿದ್ದೀಯಲ್ಲ?"
ಬೆಳಿಗ್ಗೆ ಬಲೆ ಎಳೆಯುವಾಗ ಆರಿತ್ತಾ, ಕೇಳಿದೆ.
ಇಲ್ಲ. ಉರಿಯುತ್ತಿತ್ತು.
ಮತ್ತೆ?
ಮತ್ತೆ ಎಂದರೆ...
ಅವರು ಹೊಳೆಯ ಕಡೆ ನೋಡಿದರು.
ಭರತ ಏರುತ್ತಿತ್ತು, ದಕ್ಕೆಯ ಕಲ್ಲಿನ
ಹಸಿರು ಗೆರೆ ಇನ್ನೂ ಮುಟ್ಟಿರಲಿಲ್ಲ.
"ಆದರೂ ತುಂಬಬೇಕಲ್ಲ."

ಪೇಟೆಯಿಂದ ಬೇರೆ ದೀಪ ತಂದರು.
ಏಪ್ರಿಲ್ಲಿನ ಬಿಸಿಲಿಗೆ ದೋಣಿಯ ತಗಡಿನ ಮೇಲೆ
ಅದು ಮಧ್ಯಾಹ್ನಕ್ಕೆ ಮೊದಲೇ ತುಂಬಿ
ಸಂಜೆಯವರೆಗೂ ತುಂಬಿಕೊಂಡೇ ಕೂತಿರುತ್ತಿತ್ತು.
ಮುಂದಿನ ವರ್ಷ ಒಳಗಿನ ಚಪ್ಪಟೆ ಬ್ಯಾಟರಿ
ಎಣ್ಣೆಗೆ ಬಿಟ್ಟ ಬನ್ಸಿನ ಹಾಗೆ ಉಬ್ಬಿ
ಮುಚ್ಚಳ ಎತ್ತಿತು.
ಅದನ್ನು ಟವೆಲಿನಲ್ಲಿ ಸುತ್ತಿ ತಂದರು ಲೋಕಯ್ಯ,
ಕಚ್ಚುವ ಏಡಿಯನ್ನು ತರುವ ಹಾಗೆ.
ಅವರು ಏನೂ ಹೇಳಲಿಲ್ಲ, ನಾನು ನಗಲಿಲ್ಲ.
ಮರಳು ತುಂಬಿದ ಬಾಲ್ದಿಯಲ್ಲಿ ಅದನ್ನು ಇಟ್ಟು
ಚಾ ತರಿಸಿದೆ.
ಲೋಟದ ಅಂಚಿನವರೆಗೆ, ಚೆಲ್ಲುವ ಹಾಗೆ.

ಜೂನಿನಲ್ಲಿ ಕಡಲಿಗೆ ರಜೆ.
ಬೋಟುಗಳು ಒಂದಕ್ಕೊಂದು ಒರಗಿ ನಿಂತಾಗ
ಡಬ್ಬಗಳೆಲ್ಲ ನನ್ನ ಮನೆಗೆ ಬರುತ್ತವೆ.
ಒಂದೊಂದನ್ನೂ ಅರ್ಧಕ್ಕೆ ಇಳಿಸಿ,
ನಂಬರು ನೋಡಿ ಪುಸ್ತಕದಲ್ಲಿ ಬರೆದು,
ಅಕ್ಕಿ ಡಬ್ಬದ ಹಿಂದಿನ ತಂಪಿನಲ್ಲಿ ಸಾಲಾಗಿಡುತ್ತೇನೆ.
ಖಾಲಿ ಮಲಗಿಸಿದರೆ ಏಳುವುದಿಲ್ಲ,
ತುಂಬಿ ಮಲಗಿಸಿದರೆ ನಿದ್ರೆಯಲ್ಲೇ ಮುಪ್ಪು.
ಅತ್ತೆ ಕೇಳುತ್ತಾರೆ, ಇವು ಮೊಟ್ಟೆಯಾ?

ಬಸ್ತ್ಯಾಂವ್ ಮಾಮ್ ತೀರಿಕೊಂಡದ್ದು ಅಂಥದೇ ಒಂದು ಜೂನಿನಲ್ಲಿ.
ತಿಂಗಳ ನಂತರ ಅವರ ಮಗಳು
ಮೇಜಿನ ಸೆಳೆಖಾನೆಯನ್ನೇ ಕಳಚಿ ತಂದುಕೊಟ್ಟಳು.
ತಂತಿ, ಬೆಸುಗೆಯ ಸೀಸ, ಒಂದು ಜಪಮಾಲೆ,
ಹಳೆ ಕ್ಯಾಲೆಂಡರಿನ ಹಾಳೆ ಸುತ್ತಿದ ಒಂದು ಸೆಲ್ಲು.
ಮೇಲೆ ಅವರ ಓರೆ ಅಕ್ಷರ: ಹನ್ನೊಂದು.
ಮೀಟರಿನ ಮುಳ್ಳು ತಾಗಿಸಿದೆ.
ಮೂರು ಪಾಯಿಂಟ್ ಏಳು.
ಸರಿಯಾಗಿ ಅರ್ಧಕ್ಕಿಟ್ಟು ಹೋಗಿದ್ದರು.

ಅದಕ್ಕೀಗ ಒಂಬತ್ತು ವರ್ಷ. ಹೊಸದರ ಮುಕ್ಕಾಲು ಕಸುವು
ಇನ್ನೂ ಉಂಟೆಂದು ನನ್ನ ಪುಸ್ತಕ ಹೇಳುತ್ತದೆ.
ಈ ರಾತ್ರಿ ಲೋಕಯ್ಯನವರ ಬಲೆಯ ತುದಿಯಲ್ಲಿ ಉಂಟು.
ಕೊಡುವಾಗ ಅವರು ಮೀಟರು ಕೇಳಲಿಲ್ಲ,
ಮುಚ್ಚಳವನ್ನು ಮಾತ್ರ
ಎರಡು ಸಲ ಒತ್ತಿ ನೋಡಿದರು.

ಊಟ ಮುಗಿಸಿ ಅಳಿವೆಯ ಮರಳಿಗೆ ಬಂದಿದ್ದೇನೆ.
ಕಡಲಿನಲ್ಲಿ ಬೋಟುಗಳ ದೊಡ್ಡ ದೀಪಗಳು,
ಅವುಗಳ ಆಚೆ ಬರೀ ಕಪ್ಪು.
ಕಣ್ಣು ಕಿರಿದು ಮಾಡಿ ಎಣಿಸುತ್ತೇನೆ.
ಒಂದು.
ಎರಡು.
ಮೂರು.
ಉಂಟು.